ಗೋವಾದ ವಿಕಲಚೇತನ ವಿದ್ಯಾರ್ಥಿಗಳು: ಶಾಲೆಯಿಂದ ಕಾಲೇಜಿಗೆ

ಗೋವಾದಲ್ಲಿ ಹತ್ತನೆಯ ತರಗತಿಯ ಫಲಿತಾಂಶ ಹೊರಬೀಳುವ ದಿನ ಪರ್ವರಿಯಲ್ಲಿರುವ ಪರೀಕ್ಷಾ ಮಂಡಳಿ ಹುಡುಗರೆಷ್ಟು, ಹುಡುಗಿಯರೆಷ್ಟು ಎಂಬ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಹೇಳುತ್ತದೆ: ವಿಶೇಷ ಅಗತ್ಯವುಳ್ಳ ಮಕ್ಕಳಲ್ಲಿ ಎಷ್ಟು ಮಂದಿ ಪರೀಕ್ಷೆ ಬರೆದರು, ಎಷ್ಟು ಮಂದಿ ತೇರ್ಗಡೆಯಾದರು. ಶಿಕ್ಷಕರ ಬಾಯಲ್ಲಿ ಇವರು ‘ಸಿಡಬ್ಲ್ಯುಎಸ್‌ಎನ್’ ಮಕ್ಕಳು. ಓದಲು, ಬರೆಯಲು ತೊಡಕಿರುವವರು, ದೃಷ್ಟಿ ಅಥವಾ ಶ್ರವಣ ದೋಷವುಳ್ಳವರು, ಗಾಲಿಕುರ್ಚಿಯಲ್ಲಿ ಬರುವವರು, ಆಟಿಸಂ ಇರುವವರು ಎಲ್ಲರೂ ಈ ಗುಂಪಿಗೆ ಸೇರುತ್ತಾರೆ. ಇದೇ ಮಕ್ಕಳು ಪದವಿ ಕಾಲೇಜಿನ ಗೇಟು ದಾಟಿದ ಮೇಲೆ ಅಂಥ ಲೆಕ್ಕ ಸಾರ್ವಜನಿಕರ ಕಣ್ಣಿಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ. ಶಾಲೆಯಲ್ಲಿ ತಾನಾಗಿ ಒದಗುತ್ತಿದ್ದ ನೆರವನ್ನು ಕಾಲೇಜಿನಲ್ಲಿ ವಿದ್ಯಾರ್ಥಿಯೇ ಕೇಳಿ ಪಡೆಯಬೇಕು. ಈ ಎರಡು ವ್ಯವಸ್ಥೆಗಳ ನಡುವಿನ ಅಂತರವೇ ಈ ಲೇಖನದ ವಿಷಯ.

2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14.58 ಲಕ್ಷ. ಅವರಲ್ಲಿ 33,012 ಮಂದಿ ವಿಕಲಚೇತನರೆಂದು ದಾಖಲಾಗಿದ್ದರು. ಆ ಗಣತಿ ನಡೆದಾಗ 1995ರ ಹಳೆಯ ಕಾಯ್ದೆ ಜಾರಿಯಲ್ಲಿತ್ತು. ಅದರಲ್ಲಿ ಕಲಿಕಾ ನ್ಯೂನತೆಗೂ ಆಟಿಸಂಗೂ ಜಾಗವಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂದು, ನ್ಯೂನತೆಗಳ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿತು. ಡಿಸ್ಲೆಕ್ಸಿಯಾ ಸೇರಿದಂತೆ ನಿರ್ದಿಷ್ಟ ಕಲಿಕಾ ನ್ಯೂನತೆ ಆ ಪಟ್ಟಿಯಲ್ಲಿ ಸೇರಿದ್ದರಿಂದ ಶಾಲೆಗಳಲ್ಲಿ ನೆರವಿಗೆ ಅರ್ಹರಾದ ಮಕ್ಕಳ ಸಂಖ್ಯೆ ಹೆಚ್ಚಿತು. ಆ ಮಕ್ಕಳು ಈಗ ಕಾಲೇಜು ವಯಸ್ಸಿಗೆ ಬಂದಿದ್ದಾರೆ.

ಶಾಲಾ ಹಂತದಲ್ಲಿ ಗೋವಾದ ಸಾಧನೆ ಸಣ್ಣದಲ್ಲ. 1975ರ ಕಾಯ್ದೆಯಿಂದ ಹುಟ್ಟಿದ ಗೋವಾ ಪ್ರೌಢ ಮತ್ತು ಉನ್ನತ ಪ್ರೌಢ ಶಿಕ್ಷಣ ಮಂಡಳಿ ವಿಶೇಷ ಅಗತ್ಯವುಳ್ಳ ಪರೀಕ್ಷಾರ್ಥಿಗಳಿಗೆ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸ್ಕ್ರೈಬ್, ಕಷ್ಟವಾಗುವ ಭಾಷೆಗೆ ಬದಲಾಗಿ ಬೇರೆ ವಿಷಯ ಮುಂತಾದ ರಿಯಾಯಿತಿಗಳನ್ನು ಕೊಡುತ್ತ ಬಂದಿದೆ. ಶಾಲೆಗಳಲ್ಲಿ ವಿಶೇಷ ಶಿಕ್ಷಕರೂ ಸಂಪನ್ಮೂಲ ಕೊಠಡಿಗಳೂ ಕಾಣಸಿಗುತ್ತವೆ. ಇದರ ಹಿಂದೆ ಸರ್ಕಾರವೊಂದೇ ಇಲ್ಲ. ಮಕ್ಕಳ ಬೆಳವಣಿಗೆಯ ತಜ್ಞೆ ಡಾ. ನಂದಿತಾ ಡಿಸೋಜಾ ಕಟ್ಟಿದ ‘ಸೇತು’, 1996ರಲ್ಲಿ ಆರಂಭವಾಗಿ ಮಾನಸಿಕ ಆರೋಗ್ಯದ ಸಂಶೋಧನೆಗೆ ಜಗತ್ತಿನಾದ್ಯಂತ ಹೆಸರಾದ ‘ಸಂಗಾತ್’, ಫೋಂಡಾದ ಕಡೆ ಶ್ರವಣ ಮತ್ತು ದೃಷ್ಟಿ ದೋಷವುಳ್ಳ ಮಕ್ಕಳಿಗಾಗಿ ಶಾಲೆ ನಡೆಸುವ ‘ಲೋಕವಿಶ್ವಾಸ ಪ್ರತಿಷ್ಠಾನ’, ಸಾಂತಾಕ್ರೂಜ್‌ನಲ್ಲಿ ರಾಷ್ಟ್ರೀಯ ಅಂಧರ ಸಂಘದ ಗೋವಾ ಶಾಖೆ, ಹಳೆ ಗೋವಾದಲ್ಲಿ ಕಾರಿತಾಸ್ ಸಂಸ್ಥೆಯ ಸೇಂಟ್ ಝೇವಿಯರ್ಸ್ ಅಕಾಡೆಮಿ, ಪರ್ವರಿಯ ಸಂಜಯ್ ಶಾಲೆ ಇವೆಲ್ಲ ದಶಕಗಟ್ಟಲೆ ದುಡಿದಿವೆ. ತರಗತಿಯಲ್ಲಿ ಹಿಂದೆ ಬೀಳುತ್ತಿರುವ ಮಗುವಿಗೆ ‘ಸೋಮಾರಿ’ ಎಂಬ ಹಣೆಪಟ್ಟಿ ಹಚ್ಚದೆ, ಅದನ್ನು ಪರೀಕ್ಷಿಸಿ ನೋಡೋಣ ಎನ್ನುವ ಶಿಕ್ಷಕರು ಈ ಪುಟ್ಟ ರಾಜ್ಯದಲ್ಲಿ ಹೆಚ್ಚಿದ್ದರೆ ಅದರ ಶ್ರೇಯ ಇಂಥ ಸಂಸ್ಥೆಗಳಿಗೂ ಸಲ್ಲಬೇಕು.

ಕರ್ನಾಟಕದ ಓದುಗರು ಇಲ್ಲೊಂದು ವ್ಯತ್ಯಾಸವನ್ನು ನೆನಪಿಡಬೇಕು. ಗೋವಾದಲ್ಲಿ ಪಿಯುಸಿ ಎಂಬುದಿಲ್ಲ. ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳನ್ನು ‘ಹೈಯರ್ ಸೆಕೆಂಡರಿ’ ಎನ್ನುತ್ತಾರೆ, ಅದರ ಪರೀಕ್ಷೆಯೂ ಇದೇ ಮಂಡಳಿಯದು. ಹತ್ತನೆಯ ತರಗತಿ ಮುಗಿಸಿದ ಮಗು ಬಹಳ ಸಲ ಬೇರೆ ಕಟ್ಟಡಕ್ಕೆ, ಬೇರೆ ಊರಿಗೆ ಹೋಗಬೇಕಾದರೂ ಕಡತ ಒಂದೇ ಮಂಡಳಿಯ ಅಂಗಳದಲ್ಲಿ ಉಳಿಯುತ್ತದೆ. ಹಾಗಾಗಿ ನಿಜವಾದ ಜಿಗಿತ ಬರುವುದು ಹನ್ನೆರಡರ ನಂತರ. ಅಲ್ಲಿಂದ ಮುಂದೆ ಸಾಮಾನ್ಯ ಪದವಿಗೆ ತಾಳೆಗಾಂವ ಪ್ರಸ್ಥಭೂಮಿಯ ಗೋವಾ ವಿಶ್ವವಿದ್ಯಾಲಯ ಮತ್ತು ಅದರ ಸಂಯೋಜಿತ ಕಾಲೇಜುಗಳು, ಎಂಜಿನಿಯರಿಂಗ್ ಮತ್ತು ಫಾರ್ಮಸಿಗೆ ತಾಂತ್ರಿಕ ಶಿಕ್ಷಣ ನಿರ್ದೇಶನಾಲಯ, ವೈದ್ಯಕೀಯಕ್ಕೆ ರಾಷ್ಟ್ರಮಟ್ಟದ ನೀಟ್. ಮೂರೂ ಕಡೆ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಅಧಿಕಾರಿ. ಮಂಡಳಿಯ ಕಡತ ಇಲ್ಲೆಲ್ಲೂ ತಾನಾಗಿ ಹಿಂಬಾಲಿಸಿ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? 2016ರ ಕಾಯ್ದೆಯ 16 ಮತ್ತು 17ನೆಯ ಕಲಮುಗಳು ಶಾಲೆ, ಕಾಲೇಜು ಎಂದು ಭೇದ ಮಾಡುವುದಿಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳೆಲ್ಲ ಭೇದಭಾವವಿಲ್ಲದೆ ಪ್ರವೇಶ ಕೊಡಬೇಕು, ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾಡಬೇಕು, ವ್ಯಕ್ತಿಯ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸಬೇಕು. ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವೆಲ್ಲ 17ನೆಯ ಕಲಮಿನಲ್ಲಿ ಹೆಸರು ಹಿಡಿದೇ ಬರುತ್ತವೆ. ಹಕ್ಕಿನ ಮಟ್ಟಿಗೆ ಹದಿನೇಳರ ಹುಡುಗಿಗೂ ಹತ್ತೊಂಬತ್ತರ ಹುಡುಗಿಗೂ ವ್ಯತ್ಯಾಸವಿಲ್ಲ.

ವ್ಯತ್ಯಾಸವಿರುವುದು ಮೊದಲ ಹೆಜ್ಜೆ ಯಾರು ಇಡಬೇಕು ಎನ್ನುವಲ್ಲಿ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು ಎಂದು ಕಾಯ್ದೆ ಹೇಳುವುದು ‘ಮಕ್ಕಳ’ ವಿಷಯದಲ್ಲಿ. 31ನೆಯ ಕಲಮಿನ ಉಚಿತ ಶಿಕ್ಷಣವೂ 6ರಿಂದ 18ರ ವಯಸ್ಸಿಗೆ ಮಾತ್ರ. 18 ದಾಟಿದ ಮೇಲೆ 32ನೆಯ ಕಲಮು ಬರುತ್ತದೆ: ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ನೂರಕ್ಕೆ 5 ಸೀಟು, ಗರಿಷ್ಠ ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ. ಆದರೆ ಈ ಮೀಸಲಾತಿ ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆ ಇರುವವರಿಗೆ, ಅದೂ ಪ್ರಮಾಣಪತ್ರ ಕೈಯಲ್ಲಿದ್ದರೆ. ಶಾಲೆಯಲ್ಲಿ ಶಿಕ್ಷಕಿ ಮಗುವನ್ನು ಹುಡುಕಿಕೊಂಡು ಬರುತ್ತಿದ್ದಳು. ಕಾಲೇಜಿನಲ್ಲಿ ವಿದ್ಯಾರ್ಥಿ ತನಗೇನು ಬೇಕೆಂದು ತಾನೇ ಕಚೇರಿಯ ಕಿಟಕಿಗೆ ಹೋಗಿ ಹೇಳಬೇಕು. ಹನ್ನೆರಡು ವರ್ಷ ಅಪ್ಪ, ಅಮ್ಮ, ವಿಶೇಷ ಶಿಕ್ಷಕಿ ತನ್ನ ಪರವಾಗಿ ಮಾತಾಡಿದ್ದನ್ನಷ್ಟೇ ಕೇಳಿಸಿಕೊಂಡವರಿಗೆ ಅದು ಸುಲಭದ ಕೆಲಸವಲ್ಲ.

ಪ್ರಮಾಣಪತ್ರದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ಕುಟುಂಬಗಳು ಎಡವುವುದು ಇಲ್ಲಿ. ಕೇಂದ್ರ ಸರ್ಕಾರ 2018ರ ಜನವರಿ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷ ತುಂಬಿದ ಮೇಲೆ ಕೊಡಬಹುದು, 14ನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಬೇಕು, 18ರಲ್ಲಿ ಇನ್ನೊಮ್ಮೆ. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ಅಂದರೆ ಪ್ರವೇಶದ ಅರ್ಜಿ ತುಂಬುವ ಹೊತ್ತಿಗೇ ಹಳೆಯ ಪ್ರಮಾಣಪತ್ರದ ಕಾಲ ಮುಗಿಯುತ್ತದೆ. ಹದಿನೇಳೂವರೆ ವಯಸ್ಸಿಗೆ ಕಾಲೇಜು ಸೇರಿದವರು ಮೊದಲ ವರ್ಷದ ನಡುವೆ ಮತ್ತೆ ಆಸ್ಪತ್ರೆಯ ಬಾಗಿಲಿಗೆ ಹೋಗಬೇಕಾಗುತ್ತದೆ. ಈ ಪರೀಕ್ಷೆಗೆ ಮಾರ್ಗಸೂಚಿ ಹೆಸರಿಸಿದ ಸಾಧನ ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ್ದು. ಗೋವಾದಲ್ಲಿ ಇಂಥ ತಪಾಸಣೆಗೆ ಜನ ಹೋಗುವುದು ಮುಖ್ಯವಾಗಿ ಬಾಂಬೋಳಿಗೆ. 1842ರ ಪೋರ್ಚುಗೀಸ್ ವೈದ್ಯಶಾಲೆಯ ವಾರಸುದಾರನಾದ ಗೋವಾ ವೈದ್ಯಕೀಯ ಕಾಲೇಜೂ ಮನೋವೈದ್ಯ ಮತ್ತು ಮಾನವ ವರ್ತನಾ ಸಂಸ್ಥೆಯೂ ಇರುವುದು ಅಲ್ಲಿಯೇ.

ಹದಿನೆಂಟು ಇನ್ನೊಂದು ರೀತಿಯಲ್ಲೂ ಗಡಿ. ಬೌದ್ಧಿಕ ನ್ಯೂನತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವಿಧ ನ್ಯೂನತೆ ಇರುವವರ ವಿಷಯದಲ್ಲಿ, ಆ ಹುಟ್ಟುಹಬ್ಬದಂದು ತಂದೆತಾಯಿಯ ಸಹಜ ಪೋಷಕತ್ವ ಕಾನೂನಿನ ಕಣ್ಣಿನಲ್ಲಿ ಮುಗಿಯುತ್ತದೆ. ಮುಂದೆಯೂ ಪೋಷಕತ್ವ ಬೇಕಿದ್ದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಎಲ್ಲರಿಗೂ ಅದು ಬೇಕಿಲ್ಲ. ಕಾಲೇಜಿಗೆ ಹೋಗುವ ಆಟಿಸಂನ ಯುವಕ ತನ್ನ ಸಹಿಯನ್ನು ತಾನೇ ಹಾಕಬಲ್ಲ, ಹಾಕಲು ಅವನಿಗೆ ಅವಕಾಶವಿರಬೇಕು.

ಇನ್ನು ಕಾಲೇಜಿನ ಒಳಗೆ. ಗೋವಾ ವಿಶ್ವವಿದ್ಯಾಲಯ 1985ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲು ಇಲ್ಲಿನ ಕಾಲೇಜುಗಳು ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿದ್ದವು. ಇಂದಿನ ಪದವಿ ವಿದ್ಯಾರ್ಥಿಗೆ ದಿನನಿತ್ಯದ ಮಾತು ಎರಡು: ಐಎಸ್‌ಎ ಮತ್ತು ಎಸ್‌ಇಎ. ಮೊದಲನೆಯದು ಸೆಮಿಸ್ಟರ್ ನಡುವೆ ಕಾಲೇಜೇ ನಡೆಸುವ ಕಿರುಪರೀಕ್ಷೆ, ಎರಡನೆಯದು ಸೆಮಿಸ್ಟರ್ ಕೊನೆಯ ಪರೀಕ್ಷೆ. ಶಾಲೆಯಲ್ಲಿ ವರ್ಷಕ್ಕೊಂದು ದೊಡ್ಡ ಪರೀಕ್ಷೆಗೆ ಒಮ್ಮೆ ಅನುಮತಿ ತಂದರೆ ಸಾಕಿತ್ತು. ಇಲ್ಲಿ ಪ್ರತಿ ಸೆಮಿಸ್ಟರಿಗೂ ಹಲವು ವಿಷಯ, ಪ್ರತಿ ವಿಷಯಕ್ಕೂ ಐಎಸ್‌ಎ. ಕೊನೆಯ ಪರೀಕ್ಷೆಗೆ ಹೆಚ್ಚುವರಿ ಸಮಯ ಮಂಜೂರಾಗಿ, ತರಗತಿಯಲ್ಲಿ ನಡೆಯುವ ಇಪ್ಪತ್ತು ಅಂಕದ ಪರೀಕ್ಷೆಯಲ್ಲಿ ಗಂಟೆ ಹೊಡೆದ ಕೂಡಲೇ ಉತ್ತರಪತ್ರಿಕೆ ಕಿತ್ತುಕೊಂಡರೆ ಆ ಮಂಜೂರಾತಿಗೆ ಅರ್ಧ ಬೆಲೆ. ಅಂಕಗಳು ಕೊನೆಗೆ ಒಂದೇ ಕಡೆ ಸೇರುತ್ತವಲ್ಲ. ಸೌಲಭ್ಯಪತ್ರವನ್ನು ಪರೀಕ್ಷಾ ವಿಭಾಗಕ್ಕೆ ಕೊಟ್ಟು ಸುಮ್ಮನಾಗದೆ ಪ್ರತಿ ವಿಷಯದ ಅಧ್ಯಾಪಕರಿಗೂ ತಲುಪಿಸಬೇಕು ಎನ್ನುವುದು ಇದೇ ಕಾರಣಕ್ಕೆ.

ಸ್ಕ್ರೈಬ್ ವ್ಯವಸ್ಥೆಯ ಕಷ್ಟ ಇನ್ನೂ ದೊಡ್ಡದು. ಕೇಂದ್ರ ಸರ್ಕಾರ 2018ರ ಆಗಸ್ಟ್ 29ರಂದು ಹೊರಡಿಸಿದ ಪರೀಕ್ಷಾ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷದ ಪರಿಹಾರ ಸಮಯ ಕೊಡಬೇಕೆನ್ನುತ್ತದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಿಕ್ಕಂತಾಯಿತು. ಸ್ಕ್ರೈಬನ್ನು ಅಭ್ಯರ್ಥಿಯೇ ಕರೆತರಬಹುದು, ಆದರೆ ಹಾಗೆ ಕರೆತಂದವರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಹಂತ ಕಡಿಮೆಯಿರಬೇಕು. ಹತ್ತನೆಯ ತರಗತಿಯಲ್ಲಿ ಇದು ಸರಾಗ: ಅದೇ ಶಾಲೆಯ ಕಿರಿಯ ವಿದ್ಯಾರ್ಥಿಯೊಬ್ಬ ಬಂದು ಕೂರುತ್ತಾನೆ. ಬಿ.ಎಸ್‌ಸಿ. ಎರಡನೆಯ ವರ್ಷದ ಅಂಧ ವಿದ್ಯಾರ್ಥಿಗೆ ಹನ್ನೆರಡನೆಯ ತರಗತಿ ಮುಗಿಸಿದವರು ಬೇಕು, ಅವರಿಗೆ ಕಲನಶಾಸ್ತ್ರದ ಚಿಹ್ನೆಗಳು ಕಿವಿಯಿಂದ ಕೇಳಿ ಬರೆಯುವಷ್ಟು ಗೊತ್ತಿರಬೇಕು, ಅದೇ ದಿನ ಅವರಿಗೆ ತಮ್ಮ ಪರೀಕ್ಷೆ ಇರಬಾರದು. ಮೂರೂ ಕೂಡಿ ಬರುವುದು ಅಪರೂಪ. ಬೆಂಗಳೂರಿನಲ್ಲಿ ಮಧು ಸಿಂಘಾಲ್ ಅವರ ‘ಮಿತ್ರಜ್ಯೋತಿ’, ಮಹಾಂತೇಶ ಜಿ.ಕೆ. ಅವರ ‘ಸಮರ್ಥನಂ’ ಮುಂತಾದ ಸಂಸ್ಥೆಗಳು ಅಂಧ ವಿದ್ಯಾರ್ಥಿಗಳ ಓದು ಮತ್ತು ಪರೀಕ್ಷೆಗೆ ಬೆನ್ನೆಲುಬಾಗಿ ನಿಂತಿವೆ. ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಮನಸ್ಸು ಮಾಡಿದರೆ ಗೋವಾದಂಥ ಸಣ್ಣ ರಾಜ್ಯದಲ್ಲಿ ಸ್ಕ್ರೈಬ್‌ಗಳ ಒಂದು ಪಟ್ಟಿ ಸಿದ್ಧವಾಗಲು ಒಂದು ಸೆಮಿಸ್ಟರ್ ಸಾಕು.

ಪುಸ್ತಕಗಳ ಸ್ಥಿತಿ ಹಿಂದಿಗಿಂತ ಎಷ್ಟೋ ಉತ್ತಮ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅಂಧರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ಬದಲಿಸಲು ಪ್ರಕಾಶಕರ ಅನುಮತಿ ಬೇಕಿಲ್ಲ. ಇಂಥ ಪುಸ್ತಕಗಳಿಗಾಗಿಯೇ ಇರುವ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶ ಭಾರತ. 2016ರ ಆಗಸ್ಟ್‌ನಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ ಆರಂಭವಾಯಿತು. ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ. ಇಷ್ಟಿದ್ದರೂ ಅಧ್ಯಾಪಕರು ವಾಟ್ಸಾಪಿನಲ್ಲಿ ಕಳಿಸುವ ನೋಟ್ಸು ಕೈಬರಹದ ಫೋಟೊ ಆಗಿದ್ದರೆ ಆ ತಂತ್ರಾಂಶ ಮೂಕವಾಗುತ್ತದೆ. ಅದೇ ನೋಟ್ಸನ್ನು ಟೈಪು ಮಾಡಿ ಕಳಿಸುವುದಕ್ಕೆ ಹಣ ಖರ್ಚಾಗುವುದಿಲ್ಲ.

ಕಿವುಡ ವಿದ್ಯಾರ್ಥಿಗಳ ದಾರಿ ಇನ್ನೂ ಕಿರಿದು. ವಿಶೇಷ ಶಾಲೆಯಲ್ಲಿ ಸುತ್ತಲೂ ಸನ್ನೆಭಾಷೆ ಬಲ್ಲವರಿದ್ದ ಮಗು ಪದವಿ ತರಗತಿಯಲ್ಲಿ ಅರವತ್ತು ಜನರ ನಡುವೆ ಒಂಟಿಯಾಗುತ್ತದೆ. ಪಾಠ ಇಂಗ್ಲಿಷಿನಲ್ಲಿ, ಹರಟೆ ಕೊಂಕಣಿಯಲ್ಲಿ, ದುಭಾಷಿ ಇಲ್ಲ. ದೆಹಲಿಯ ಭಾರತೀಯ ಸನ್ನೆಭಾಷಾ ಕೇಂದ್ರದ ನಿಘಂಟು 2021ರ ಹೊತ್ತಿಗೆ 10,000 ಪದ ಮುಟ್ಟಿತು. ಆದರೆ ನಿಘಂಟು ತರಗತಿಯಲ್ಲಿ ಬಂದು ನಿಂತು ಪಾಠವನ್ನು ಸನ್ನೆಗೆ ತಿರುಗಿಸುವುದಿಲ್ಲ, ಅದಕ್ಕೆ ಸಂಬಳ ಪಡೆಯುವ ಮನುಷ್ಯ ಬೇಕು. ಹಾಗಾಗಿ ಕಿವುಡ ಯುವಕರಿಗೆ ತಮ್ಮಂಥವರಿಗಾಗಿಯೇ ಇರುವ ಕಾಲೇಜುಗಳ ಸೆಳೆತ ಸಹಜ. ಮೈಸೂರಿನ ಜೆಎಸ್‌ಎಸ್ ವಿಕಲಚೇತನರ ಪಾಲಿಟೆಕ್ನಿಕ್ 1991ರಿಂದ ಇಂಥವರಿಗೆ ಡಿಪ್ಲೊಮಾ ಕೊಡುತ್ತಿದೆ. 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಅದೇ ಊರಲ್ಲಿದೆ. ಗೋವಾದ ಮನೆಯೊಂದು ಮಗನನ್ನು ಘಟ್ಟ ಹತ್ತಿಸಿ ಮೈಸೂರಿಗೆ ಕಳಿಸುವುದು ಒಳ್ಳೆಯ ಆಯ್ಕೆಯಾಗಬಹುದು. ಆದರೆ ತನ್ನೂರಿನ ಕಾಲೇಜಿನಲ್ಲಿ ದುಭಾಷಿ ಇಲ್ಲವೆಂಬ ಒಂದೇ ಕಾರಣಕ್ಕೆ ಕಳಿಸಬೇಕಾಗಿ ಬಂದರೆ ಅದನ್ನು ಆಯ್ಕೆ ಎನ್ನಲಾಗದು.

ಕಟ್ಟಡಗಳ ಮಾತು ಬಂದಾಗ ಗೋವಾದ ನೆಲವನ್ನು ನೋಡಬೇಕು. ಗುಡ್ಡದ ಇಳಿಜಾರು, ಜಂಬಿಟ್ಟಿಗೆಯ ಮೆಟ್ಟಿಲು, ಪ್ರವೇಶ ನಡೆಯುವ ಜೂನ್ ತಿಂಗಳಲ್ಲೇ ಸುರಿಯುವ ಮಳೆ. ರ‍್ಯಾಂಪ್ ಕಟ್ಟಿದ್ದರೂ ಅದರ ಮೇಲೆ ಪಾಚಿ ಕಟ್ಟಿದರೆ ಗಾಲಿಕುರ್ಚಿ ಜಾರುತ್ತದೆ. ಕಾಲೇಜುಗಳಿಗೆ ಅಂಕ ಕೊಡುವ ನ್ಯಾಕ್ ಸಂಸ್ಥೆ ರ‍್ಯಾಂಪ್, ಲಿಫ್ಟ್, ಶೌಚಾಲಯ, ಸೂಚನಾ ಫಲಕ, ಸ್ಕ್ರೈಬ್ ಇವನ್ನೆಲ್ಲ ತನ್ನ ಏಳನೆಯ ಮಾನದಂಡದಡಿ ಕೇಳುವುದರಿಂದ ಕಾಗದದ ಮೇಲಾದರೂ ಇವು ಇರುತ್ತವೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಪ್ರವೇಶಸಾಧ್ಯತೆಯ ಮಾರ್ಗಸೂಚಿ ಹೊರಡಿಸಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದು ಹೇಳಿತು. ಮೊದಲ ಮಹಡಿಯ ತರಗತಿಯನ್ನು ನೆಲಮಹಡಿಗೆ ಇಳಿಸಲು ಮಾತ್ರ ಯಾವ ನಿಯಮಕ್ಕೂ ಕಾಯಬೇಕಿಲ್ಲ. ವೇಳಾಪಟ್ಟಿ ಬರೆಯುವವರ ಒಂದು ಗೆರೆಯಿಂದ ಆಗುವ ಕೆಲಸವದು.

ಶಾಲೆಯಲ್ಲಿ ಪಡೆದ ರಿಯಾಯಿತಿಯೇ ಮುಂದೆ ಬಾಗಿಲು ಮುಚ್ಚುವ ಸಂದರ್ಭವೂ ಇದೆ. ಗಣಿತ ಕಷ್ಟವೆಂದು ಎಂಟನೆಯ ತರಗತಿಯಲ್ಲಿ ಬೇರೆ ವಿಷಯ ತೆಗೆದುಕೊಂಡ ಮಗುವಿಗೆ ವಿಜ್ಞಾನ ವಿಭಾಗದ ಹಾದಿ ಕಷ್ಟವಾಗುತ್ತದೆ. ಆಗ ಅದು ಸರಿಯಾದ ನಿರ್ಧಾರವೇ ಆಗಿದ್ದಿರಬಹುದು, ಅದರಿಂದ ಮಗು ಶಾಲೆಯಲ್ಲಿ ಉಳಿದಿರಲೂಬಹುದು. ಆದರೆ ಪಾಲಕರಿಗೆ ಅದರ ಮುಂದಿನ ಪರಿಣಾಮವನ್ನು ಆಗಲೇ ತಿಳಿಸಬೇಕು. ವಿಷಯ ಬಿಡುವುದು ಬೇರೆ, ಅದೇ ವಿಷಯವನ್ನು ಕ್ಯಾಲ್ಕುಲೇಟರ್, ಹೆಚ್ಚು ಸಮಯ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆಯ ನೆರವಿನಿಂದ ಕಲಿಯುವುದು ಬೇರೆ. ಎರಡನೆಯದು ಸಾಧ್ಯವಿರುವಲ್ಲಿ ಮೊದಲನೆಯದಕ್ಕೆ ಅವಸರಪಡುವುದು ಮಗುವಿಗೆ ಉಪಕಾರವಲ್ಲ.

ಪ್ರವೇಶ ಪರೀಕ್ಷೆಗಳಲ್ಲಿ ಏನಾಗಬಹುದು ಎನ್ನುವುದಕ್ಕೆ 2021ರ ಒಂದು ಪ್ರಕರಣ ಸಾಕ್ಷಿ. ಬರವಣಿಗೆಯ ತೊಡಕಿದ್ದ ಅಭ್ಯರ್ಥಿಯೊಬ್ಬಳಿಗೆ ನೀಟ್ ಪರೀಕ್ಷೆಯಲ್ಲಿ ಒಂದು ಗಂಟೆಯ ಪರಿಹಾರ ಸಮಯ ಸಿಗಬೇಕಿತ್ತು. ಕೇಂದ್ರದಲ್ಲಿ ಅದನ್ನು ಕೊಡದೆ ಉತ್ತರಪತ್ರಿಕೆ ವಾಪಸು ಪಡೆದರು. ಸುಪ್ರೀಂ ಕೋರ್ಟು ಆ ವರ್ಷದ ನವೆಂಬರಿನಲ್ಲಿ ಅದು ಅನ್ಯಾಯವೆಂದು ಒಪ್ಪಿ, ಸರಿಪಡಿಸುವ ದಾರಿ ಯೋಚಿಸುವಂತೆ ಪರೀಕ್ಷಾ ಸಂಸ್ಥೆಗೆ ಹೇಳಿತು. ಮರುಪರೀಕ್ಷೆಯನ್ನು ಮಾತ್ರ ಕೊಡಲಿಲ್ಲ. ಅದೇ ವರ್ಷ ಫೆಬ್ರವರಿ 11ರಂದು ಬಂದ ವಿಕಾಸ್ ಕುಮಾರ್ ಪ್ರಕರಣದ ತೀರ್ಪು ಇನ್ನೂ ಮುಖ್ಯ. ಬರೆಯುವಾಗ ಕೈ ಸೆಡೆಯುವ ತೊಂದರೆಯಿದ್ದ ಅಭ್ಯರ್ಥಿಗೆ ನೂರಕ್ಕೆ 40ರ ಮಿತಿ ತೋರಿಸಿ ಸ್ಕ್ರೈಬ್ ನಿರಾಕರಿಸಲಾಗಿತ್ತು. ಸಮಂಜಸ ಅನುಕೂಲ ಕಲ್ಪಿಸುವುದಕ್ಕೂ ಆ ಮಿತಿಗೂ ಸಂಬಂಧವಿಲ್ಲ, ಮಿತಿ ಇರುವುದು ಮೀಸಲಾತಿಯಂಥ ವಿಶೇಷ ಲಾಭಗಳಿಗೆ ಎಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ತೀರ್ಮಾನಿಸಿತು. ‘ನಿಮ್ಮದು 40 ಇಲ್ಲ, ಏನೂ ಮಾಡಲಾಗದು’ ಎನ್ನುವ ಕಾಲೇಜು ಕಚೇರಿಗೆ ಈ ತೀರ್ಪೇ ಉತ್ತರ.

ಗೋವಾದ ಕನ್ನಡಿಗರ ಪಾಡನ್ನು ಇಲ್ಲಿ ಬೇರೆಯಾಗಿ ಹೇಳಬೇಕು. 2011ರ ಜನಗಣತಿಯಂತೆ ರಾಜ್ಯದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 68 ಸಾವಿರ. ವಾಸ್ಕೊ, ಬಾಯ್ಣಾ, ಝುವಾರಿನಗರ, ಮಡಗಾಂವ, ಮಾಪುಸಾ ಕಡೆಗಳಲ್ಲಿ ನೆಲೆಸಿರುವ ಇವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಸೀಮೆಯಿಂದ ಗೌಂಡಿ ಕೆಲಸಕ್ಕೆ, ಬಂದರಿನ ಕೂಲಿಗೆ ಬಂದವರ ಮಕ್ಕಳು ಮೊಮ್ಮಕ್ಕಳು ಬಹಳ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಕೊಂಕಣಿ ಮತ್ತು ಇಂಗ್ಲಿಷ್ ಕೇಳುವ ಮಗು ಓದಿನಲ್ಲಿ ತಡವರಿಸಿದರೆ ಅದು ಭಾಷೆಯ ತೊಡಕೋ ಕಲಿಕಾ ನ್ಯೂನತೆಯೋ ಎಂದು ಬೇರ್ಪಡಿಸುವುದು ನುರಿತವರಿಗೂ ಕಷ್ಟ. ಅಪ್ಪನ ಕೆಲಸ ಊರಿಂದೂರಿಗೆ ಹೋದಂತೆ ಶಾಲೆಯೂ ಬದಲಾಗಿ ಹಳೆಯ ತಪಾಸಣೆಯ ಕಾಗದ ಎಲ್ಲೋ ಉಳಿದುಬಿಡುತ್ತದೆ.

ಇವರಿಗೆ ಎರಡು ಸಂಗತಿ ಗೊತ್ತಿರಬೇಕು. ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿ ದೇಶದ ಎಲ್ಲ ಕಡೆ ನಡೆಯುತ್ತದೆ, ಬಾದಾಮಿಯಲ್ಲಿ ಮಾಡಿಸಿದ್ದು ವಾಸ್ಕೊದಲ್ಲೂ ಸಿಂಧು. ಕೇಂದ್ರ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹನ್ನೊಂದನೆಯ ತರಗತಿಯಿಂದ ಸ್ನಾತಕೋತ್ತರದವರೆಗೆ ದೊರೆಯುತ್ತದೆ, ಅದಕ್ಕೂ ಈ ಚೀಟಿ ಆಧಾರ. ಆದರೆ ಗೋವಾ ಸರ್ಕಾರದ ದಯಾನಂದ ಸಾಮಾಜಿಕ ಭದ್ರತಾ ಯೋಜನೆಯ ಮಾಸಾಶನಕ್ಕೆ 15 ವರ್ಷ ಗೋವಾದಲ್ಲಿ ವಾಸವಾಗಿರಬೇಕೆಂಬ ಷರತ್ತಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕೆ ಅಂಥ ಷರತ್ತು ಯಾವುದೂ ಇಲ್ಲ. ಕೂಲಿಯವನ ಮಗಳಿಗೂ ಕಾರ್ಖಾನೆ ಮಾಲೀಕನ ಮಗಳಿಗೂ ಅದು ಒಂದೇ ಹಕ್ಕು.

ಶಾಲೆ ಮತ್ತು ಕಾಲೇಜಿನ ನಡುವಿನ ಈ ಕಂದಕ ಭಾರತದ್ದಷ್ಟೇ ಅಲ್ಲ. ಅಮೆರಿಕದಲ್ಲಿ 1975ರ ಕಾಯ್ದೆ ಪ್ರತಿ ವಿಕಲಚೇತನ ಮಗುವಿಗೂ ಶಾಲೆಯಲ್ಲಿ ವೈಯಕ್ತಿಕ ಕಲಿಕಾ ಯೋಜನೆಯ ಹಕ್ಕು ಕೊಟ್ಟಿತು. ಆ ಯೋಜನೆ ಶಾಲೆಯ ಕೊನೆಯ ದಿನ ಮುಗಿಯುತ್ತದೆ. ಕಾಲೇಜಿನಲ್ಲಿ 1973ರ ಪುನರ್ವಸತಿ ಕಾಯ್ದೆಯ 504ನೆಯ ಕಲಮು ಮತ್ತು 1990ರ ವಿಕಲಚೇತನರ ಕಾಯ್ದೆ ಅನ್ವಯಿಸುತ್ತವೆ, ವಿದ್ಯಾರ್ಥಿ ತಾನೇ ಹೇಳಿಕೊಂಡು ದಾಖಲೆ ಕೊಡಬೇಕು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಮಕ್ಕಳು ಹದಿನೆಂಟಾದಾಗ ಈ ಬದಲಾವಣೆ ಎದುರಿಸುತ್ತವೆ. ಆದರೆ ಅಲ್ಲಿನ ಕಾಲೇಜುಗಳಲ್ಲಿ ಹೋಗಿ ಕೇಳಲು ಒಂದು ಕಚೇರಿ ಇರುತ್ತದೆ. ಅಂಥ ಕಚೇರಿ ರೂಪುಗೊಂಡ ಕಥೆಯಲ್ಲಿ ಎಡ್ ರಾಬರ್ಟ್ಸ್ ಹೆಸರು ದೊಡ್ಡದು. ಪೋಲಿಯೊದಿಂದ ಕತ್ತಿನ ಕೆಳಗೆ ಚಲನೆ ಕಳೆದುಕೊಂಡ ಈತ 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದಾಗ ಉಸಿರಾಟದ ಯಂತ್ರ ಇಡುವ ಜಾಗವಿಲ್ಲದೆ ಅಲ್ಲಿನ ಆಸ್ಪತ್ರೆಯಲ್ಲೇ ವಾಸವಿದ್ದ. ಅವನೂ ಗೆಳೆಯರೂ ಪಟ್ಟು ಹಿಡಿದದ್ದರಿಂದ 1970ರಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗಾಗಿ, ಅವರೇ ಮುಂದೆ ನಿಂತು ನಡೆಸುವ ಕಾರ್ಯಕ್ರಮ ಅಲ್ಲಿ ಶುರುವಾಯಿತು.

ಭಾರತದಲ್ಲಿ ಅದಕ್ಕೆ ಹತ್ತಿರದ ಮಾತು ಬಂದದ್ದು 2017ರ ಡಿಸೆಂಬರ್ 15ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ. ಕಾನೂನು ಕಾಲೇಜುಗಳ ಸೌಲಭ್ಯದ ಕುರಿತು 2006ರಲ್ಲಿ ‘ಡಿಸೇಬಲ್ಡ್ ರೈಟ್ಸ್ ಗ್ರೂಪ್’ ಹೂಡಿದ ಅರ್ಜಿ ಹನ್ನೊಂದು ವರ್ಷದ ನಂತರ ಇತ್ಯರ್ಥವಾಯಿತು. ಪ್ರತಿ ಸಂಸ್ಥೆಯಲ್ಲಿ ಶಿಕ್ಷಕರು, ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರನ್ನೊಳಗೊಂಡ ಒಂದು ಮಂಡಲಿ ಇರುವಂತೆ ಯುಜಿಸಿ ಪರಿಶೀಲಿಸಲಿ, ಪ್ರವೇಶ ಪಡೆದ ವಿಕಲಚೇತನರ ಪಟ್ಟಿಯನ್ನು ಸಂಸ್ಥೆಗಳು ಪ್ರತಿ ವರ್ಷ ವಿಕಲಚೇತನರ ಆಯುಕ್ತರಿಗೆ ಕಳಿಸಲಿ ಎಂದು ನ್ಯಾಯಾಲಯ ಹೇಳಿತು. ದೇಶದ ಚಿತ್ರ ಇನ್ನೂ ಬಡವಾಗಿದೆ: ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ಒಟ್ಟು 4.33 ಕೋಟಿ ವಿದ್ಯಾರ್ಥಿಗಳಲ್ಲಿ ವಿಕಲಚೇತನರು ಸುಮಾರು 89 ಸಾವಿರ. ನೂರಕ್ಕೆ 5ರ ಮೀಸಲಾತಿ ಇರುವ ದೇಶದಲ್ಲಿ ಇದು ನೂರಕ್ಕೆ ಕಾಲು (0.25) ಕೂಡ ಅಲ್ಲ.

ಗೋವಾದಲ್ಲಿ ದೂರು ಕೇಳಲು ರಾಜ್ಯ ಆಯುಕ್ತರ ಕಚೇರಿ ಇದೆ, ವಿಕಲಚೇತನರ ಸಬಲೀಕರಣಕ್ಕೆ ಪ್ರತ್ಯೇಕ ಇಲಾಖೆ ಇದೆ, ಆವೆಲಿನೊ ಡಿ ಸಾ ಅವರ ನೇತೃತ್ವದಲ್ಲಿ ಗೋವಾ ವಿಕಲಚೇತನರ ಹಕ್ಕುಗಳ ಸಂಘ ವರ್ಷಗಳಿಂದ ಬೀದಿಯಲ್ಲೂ ಕಚೇರಿಗಳಲ್ಲೂ ಹೋರಾಡಿದೆ. 2023ರ ಜನವರಿ 6ರಿಂದ 8ರವರೆಗೆ ಪಣಜಿಯಲ್ಲಿ ಮೊದಲ ‘ಪರ್ಪಲ್ ಫೆಸ್ಟ್’ ನಡೆದು ದೇಶದ ನಾನಾ ಕಡೆಯ ವಿಕಲಚೇತನರು ಸೇರಿದರು. ಮಾಂಡವಿ ದಂಡೆಯಲ್ಲಿ ಗಾಲಿಕುರ್ಚಿಗಳು ತಡೆಯಿಲ್ಲದೆ ಓಡಾಡಿದ ಆ ಮೂರು ದಿನಗಳು ಇಚ್ಛೆಯಿದ್ದರೆ ಈ ರಾಜ್ಯ ಏನು ಮಾಡಬಲ್ಲುದು ಎಂದು ತೋರಿಸಿದವು. ಅದೇ ಇಚ್ಛೆ ಜೂನ್ ತಿಂಗಳ ಪ್ರವೇಶ ಕೌಂಟರಿಗೂ ಬರಬೇಕು.

ಕುಟುಂಬಗಳು ಮಾಡಬಹುದಾದ್ದು ಹೆಚ್ಚಿಲ್ಲ, ಆದರೆ ಬೇಗ ಮಾಡಬೇಕು. ಹನ್ನೆರಡನೆಯ ತರಗತಿಯ ದೀಪಾವಳಿ ರಜೆಯೊಳಗೆ ಪ್ರಮಾಣಪತ್ರದ ಅವಧಿ ನೋಡಿಕೊಳ್ಳುವುದು, ಶಾಲೆಯಲ್ಲಿ ಯಾವ ಸೌಲಭ್ಯ ಸಿಕ್ಕಿತ್ತು ಎಂಬ ಬಗ್ಗೆ ಮುಖ್ಯೋಪಾಧ್ಯಾಯರ ಸಹಿಯಿರುವ ಪತ್ರ ಪಡೆಯುವುದು, ಪ್ರವೇಶದ ಅರ್ಜಿಯಲ್ಲಿ ನಾಚದೆ ವಿಕಲಚೇತನ ಎಂದು ನಮೂದಿಸುವುದು, ಮೊದಲ ಐಎಸ್‌ಎಗೆ ಮುನ್ನ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದು. ಮನವಿಯನ್ನು ವಿದ್ಯಾರ್ಥಿಯೇ ಬರೆಯಲಿ ಅಥವಾ ಹೇಳಿ ಬರೆಸಲಿ. ತನಗೇನು ಬೇಕು, ಏಕೆ ಬೇಕು ಎಂದು ಹೇಳುವ ಅಭ್ಯಾಸವನ್ನು ಒಂಬತ್ತನೆಯ ತರಗತಿಯಿಂದಲೇ ಶಾಲೆಗಳು ಮಾಡಿಸಬೇಕು.

ಆದರೆ ಭಾರವೆಲ್ಲ ಹದಿನೆಂಟರ ಹೆಗಲಿಗೆ ಹೇರುವುದು ಸರಿಯಲ್ಲ. ರಿಯಾಯಿತಿ ಪಡೆದು ಹನ್ನೆರಡನೆಯ ತರಗತಿ ಬರೆದ ಪ್ರತಿಯೊಬ್ಬರ ಹೆಸರೂ ಪರ್ವರಿಯ ಮಂಡಳಿಯ ಬಳಿ ಇದೆ. ವಿದ್ಯಾರ್ಥಿಯ ಒಪ್ಪಿಗೆ ಪಡೆದು ಆ ವಿವರವನ್ನು ಅಂಕಪಟ್ಟಿಯ ಜೊತೆಯಲ್ಲೇ ಕಾಲೇಜಿಗೆ ತಲುಪಿಸಲು ಹೊಸ ಕಾನೂನು ಬೇಕಿಲ್ಲ. ಮಂಡಳಿಯೂ ವಿಶ್ವವಿದ್ಯಾಲಯವೂ ಕೂತು ಒಂದು ಸುತ್ತೋಲೆ ಹೊರಡಿಸಿದರೆ ಮುಂದಿನ ಜೂನ್‌ನಿಂದಲೇ ಇದು ಆಗಬಲ್ಲದು, ಆಗಬೇಕು.